ಎಷ್ಟು ದಿನದಿಂದ ನೋವು?

ನಲವತ್ತು ವರ್ಷ ನಾನು ಕಾಂಪೌಂಡರ್. ನಮ್ಮ ಡಾಕ್ಟರ ಕ್ಲಿನಿಕ್ಕಿನಲ್ಲಿ ಎರಡು ಬೆಂಚು, ಒಂದು ಪರದೆ, ಅಷ್ಟೇ. ಪರದೆಯಾಚೆ ಹೋಗುವ ಮೊದಲು ರೋಗಿಯ ಬಾಯಿ ಬಿಡಿಸುವುದು ನನ್ನ ಕೆಲಸ. ಎಲ್ಲರೂ ಹೇಳುತ್ತಿದ್ದುದು ಒಂದೇ: "ಮೊನ್ನೆಯಿಂದ." "ಯಾವ ಮೊನ್ನೆ? ಹೋದ ವರ್ಷದ ಮೊನ್ನೆಯೋ?" ಎಂದು ಗದರಿಸಿ, ನಿಜ ಬರುವವರೆಗೂ ನಾನು ಬಿಡುತ್ತಿರಲಿಲ್ಲ. ಸುಳ್ಳು ಹೇಳಿದವನಿಗೆ ಸುಳ್ಳು ಔಷಧಿ ಎನ್ನುತ್ತಿದ್ದರು ಡಾಕ್ಟರು.

ಅವರು ಹೋದರು, ಕ್ಲಿನಿಕ್ಕೂ ಹೋಯಿತು. ಈಗ ಎಲ್ಲಿ ನೋಡಿದರೂ ಗಾಜಿನ ಆಸ್ಪತ್ರೆಗಳು. ಒಳಗೆ ಕಾಲಿಟ್ಟರೆ ನಾಡಿ ಹಿಡಿಯುವವರಿಲ್ಲ, ಮೊದಲು ವಿಮೆ ಕಾರ್ಡು ಕೇಳುತ್ತಾರೆ. ಥೂ!

ಹೋದ ವರ್ಷ ತಮ್ಮನ ಹರ್ನಿಯಾ ಆಪರೇಷನ್ನಿಗೆ ಜೊತೆಯಲ್ಲಿ ಹೋಗಿದ್ದೆ. ವಿಮೆ ಕೌಂಟರಿನಲ್ಲಿ "ಎಷ್ಟು ದಿನದಿಂದ?" ಎಂದರು. ನಾನು ಎದೆಯುಬ್ಬಿಸಿ ನಾಲ್ಕು ವರ್ಷದ ಕಥೆ ತಿಂಗಳು ಸಮೇತ ಒಪ್ಪಿಸಿದೆ. ಮರುದಿನ ಉತ್ತರ ಬಂತು: ಕಾಯಿಲೆ ವಿಮೆಗಿಂತ ಹಳೆಯದು, ಕೊಡಲಾಗದು. ಬಡ್ಡಿಮಕ್ಕಳು! ತಮ್ಮ ಇಂದಿಗೂ ನನ್ನ ಮುಖ ನೋಡುವುದಿಲ್ಲ.

ಈ ಸಲ ಹೆಂಡತಿಯ ಸರದಿ. ಪಿತ್ತಕೋಶದಲ್ಲಿ ಕಲ್ಲು. ಮೂರು ವರ್ಷದಿಂದ, ನೋವು ಬಂದಾಗಲೆಲ್ಲ ದಿಂಬನ್ನು ಹೊಟ್ಟೆಗೊತ್ತಿಕೊಂಡು ಹೊರಳಾಡುತ್ತಾಳೆ. ಆಪರೇಷನ್ ಆಗಲೇಬೇಕು, ವಿಮೆಯಿಲ್ಲದೆ ಅದು ನಮ್ಮಿಂದಾಗದ ಮಾತು. ವಿಮೆ ಮಾಡಿಸಿ ಎರಡೇ ವರ್ಷ.

ಆಸ್ಪತ್ರೆಯ ಬಾಗಿಲಲ್ಲೇ ಅವಳು ತಡೆದಳು. "ರೀ, ಮೈದುನನಿಗೆ ಮಾಡಿದ್ದು ಸಾಕು. ನೀವು ಬಾಯಿ ಬಿಟ್ರೆ ಬಣ್ಣಗೇಡು. ನಾನೇ ಮಾತಾಡ್ತೀನಿ."

ಕೌಂಟರಿನ ಹುಡುಗಿ ತಲೆಯೆತ್ತದೆ ಕೇಳಿದಳು. "ಎಷ್ಟು ದಿನದಿಂದಮ್ಮಾ ನೋವು?"

"ಮೊನ್ನೆಯಿಂದ."

ನನ್ನ ನಾಲಿಗೆ ತುರಿಸಿತು. ಹೆಂಡತಿ ನನ್ನ ಕಾಲು ತುಳಿದಳು.

"ಹಾಗಾದ್ರೆ ವಿಮೆಗೇನೂ ತೊಂದ್ರೆ ಇಲ್ಲಮ್ಮಾ. ಡಾಕ್ಟ್ರು ಆಪರೇಷನ್ ಅಂತ ಬರೆದ್ರೆ ಸಾಕು," ಎಂದು ಹುಡುಗಿ ಕಂಪ್ಯೂಟರಿಗೆ ಕುಟ್ಟಿದಳು.

ಒಳಗಿದ್ದ ಎಳೆಯ ಡಾಕ್ಟರು ಸ್ಕ್ಯಾನ್ ನೋಡಿದರು, ಕಂಪ್ಯೂಟರ್ ನೋಡಿದರು. ನನ್ನ ಹೆಂಡತಿಯ ಮುಖವೊಂದನ್ನು ಬಿಟ್ಟು ಎಲ್ಲ ನೋಡಿದರು. "ಮೊನ್ನೆಯಿಂದ ತಾನೇ? ಕಲ್ಲು ಚಿಕ್ಕದು. ಮೊದಲ್ನೇ ಸಲ ಬಂದ ನೋವಿಗೆ ಆಪರೇಷನ್ ಯಾಕೆ? ಮಾತ್ರೆ ಕೊಡ್ತೀನಿ. ಪದೇ ಪದೇ ಬಂದ್ರೆ ಆಗ ನೋಡೋಣ."

"ತಡೆಯೋಕಾಗಲ್ಲ ಸಾರ್," ಎಂದಳು ಅವಳು.

"ಮೊದಲ್ನೇ ಸಲ ಎಲ್ರಿಗೂ ಹಾಗೇ ಅನ್ಸುತ್ತೆ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿ ಒಪ್ಪಿದ್ದ, ದೇವರೇ ಕೈಯೆತ್ತಿಬಿಟ್ಟ!

ಡಾಕ್ಟರು ನನ್ನತ್ತ ತಿರುಗಿದರು. "ಯಜಮಾನ್ರೇ, ಮುಂಚೆ ಯಾವತ್ತಾದ್ರೂ ಬಂದಿತ್ತಾ?"

ನಿಜ ಹೇಳಿದರೆ ಅದೇ ಕಂಪ್ಯೂಟರಿಗೆ ಹೋಗುತ್ತದೆ; ಆರು ತಿಂಗಳೆಂದು ಸುಳ್ಳು ಹೇಳಿದರೂ ಕೌಂಟರಿನ 'ಮೊನ್ನೆ'ಗೆ ತಾಳೆಯಾಗದು, ವಿಮೆ ಅಲ್ಲಿಗೇ ಮುಗಿಯುತ್ತದೆ. ಹೆಂಡತಿ ನೆಲ ನೋಡುತ್ತಿದ್ದಳು.

"ಇಲ್ಲ ಸಾರ್, ಇದೇ ಮೊದಲು," ಎಂದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಹೊರಗೆ ಬಂದ ಮೇಲೆ ಅವಳು ಮಾತ್ರೆ ಚೀಟಿ ಮಡಿಸುತ್ತ ಕೇಳಿದಳು. "ಇನ್ನೆಷ್ಟು ಸಲ ಬಂದ್ರೆ ಪದೇ ಪದೇ ಅಂತಾರ್ರೀ?"

"ಇನ್ನೊಂದೆರಡು ಸಲ ಬರ್ಬೇಕು ಕಣೇ."

ನನ್ನ ಬಾಯಿಗೆ ಮಣ್ಣು ಹಾಕ, ಇದೊಂದು ನಿಜವನ್ನು ಮಾತ್ರ ಹೇಳಿಬಿಟ್ಟೆ. ಅವಳು ಹೊಟ್ಟೆ ಹಿಡಿದುಕೊಂಡು ಅಲ್ಲೇ ಮೆಟ್ಟಿಲ ಮೇಲೆ ಕುಳಿತಳು.