ಬೆರೆಯದ ಇಂಧನ

ನಮ್ಮ ಭಾವನಿಗೆ ಬಣ್ಣ ಬಣ್ಣದ ಚಿತ್ರ ಕಂಡರೆ ಸಾಕು, ಬುದ್ಧಿಗೆ ಬೀಗ ಬೀಳುತ್ತದೆ. ಅಕ್ಕನ ಗಂಡ ಎಂದು ಮನೆಯಲ್ಲಿ ಮರ್ಯಾದೆ ಕೊಡಬೇಕು, ಮುಖ್ಯಸ್ಥ ಎಂದು ಪ್ರಯೋಗಾಲಯದಲ್ಲೂ ಕೊಡಬೇಕು. ಎರಡು ಕಡೆಯೂ ದಂಡ.

ನಮ್ಮ ಕೆಲಸ ಇಷ್ಟೇ. ಹೊಸ ಯಂತ್ರವೊಂದರ ಕೊಳವೆಯೊಳಗೆ ಶಬ್ದಕ್ಕಿಂತ ವೇಗವಾಗಿ ನುಗ್ಗುವ ಗಾಳಿಗೆ ಗೋಡೆಯ ತೂತುಗಳಿಂದ ಇಂಧನ ಚಿಮ್ಮಿಸಿದರೆ, ಅದು ಆಚೆ ಹೋಗುವುದರೊಳಗೆ ಬೆರೆತು ಉರಿಯುತ್ತದೋ ಇಲ್ಲವೋ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡುವುದು. ಅದಕ್ಕಾಗಿ ಕೊಳವೆಯೊಳಗಿನ ಜಾಗವನ್ನು ಚೌಕ ಚೌಕವಾಗಿ ಕತ್ತರಿಸುತ್ತೇವೆ. ಚೌಕ ದೊಡ್ಡದಾದರೆ, ಒಂದು ಮೂಲೆಗೆ ಬಿದ್ದ ಇಂಧನವನ್ನೂ ಕಂಪ್ಯೂಟರು ಚೌಕದ ತುಂಬ ಹರಡಿದೆ ಎಂದೇ ಹಿಡಿಯುತ್ತದೆ. ಗಾಳಿ ಬೆರೆಸದ್ದನ್ನು ಲೆಕ್ಕವೇ ಬೆರೆಸಿಬಿಡುತ್ತದೆ. ಈ ಕಸುಬಿಗೆ ಬಂದವರು ಮೊದಲ ವಾರವೇ ಕಲಿಯುವ ಪಾಠವಿದು. ಭಾವ ಆ ವಾರ ರಜೆಯಲ್ಲಿದ್ದರೆಂದು ಕಾಣುತ್ತದೆ.

ನಾನು ಮೊದಲು ಅಂದಾಜಿಗೆ ಹಾಕಿದ ದೊಡ್ಡ ಚೌಕದ ಚಿತ್ರದಲ್ಲಿ ಇಂಧನ ಕೊಳವೆ ತುಂಬ ಚೆಂದವಾಗಿ ಹರಡಿತ್ತು. ಭಾವ ಅದನ್ನು ಆಳೆತ್ತರ ಅಚ್ಚು ಹಾಕಿಸಿ ಕುರ್ಚಿಯ ಹಿಂದೆ ತೂಗುಹಾಕಿದರು. ನಾನು ಚೌಕಗಳನ್ನು ಸಣ್ಣದು ಮಾಡಿ ಮತ್ತೆ ಲೆಕ್ಕ ಹಾಕಿದೆ. ಇಂಧನ ಗೋಡೆಗೆ ಅಂಟಿಕೊಂಡು, ಗಾಳಿಯ ಗೊಡವೆಗೇ ಹೋಗದೆ, ನೆಟ್ಟಗೆ ಆಚೆ ಹೋಯಿತು.

"ಏನಿದು, ನೋಡೋಕೇ ಆಗಲ್ಲ," ಎಂದರು ಭಾವ.

"ನಿಜ ಹೀಗೇ ಇರೋದು. ತೂತಿನ ಓರೆ ಬದಲಾಯಿಸ್ಬೇಕು."

"ಮೊದಲ್ನೇದು ಚೆನ್ನಾಗಿತ್ತಲ್ಲ? ಅದಕ್ಕೇ ಸಹಿ ಹಾಕು. ಇಲ್ಲಾಂದ್ರೆ ಮುಂದಿನ ವರ್ಷ ನಿನ್ನನ್ನ ಇಟ್ಕೊಳ್ಳಿ ಅಂತ ನಾನು ಯಾವ ಮುಖದಲ್ಲಿ ಕೇಳ್ಲಿ?"

ಸಂಜೆ ಅಕ್ಕನ ಫೋನು. "ಅವರು ಹೇಳಿದ ಹಾಗೆ ಮಾಡೇ. ನಿನಗ್ಯಾಕೆ ಇಲ್ಲದ ಉಸಾಬರಿ?"

ನನ್ನ ಹೆಸರಿನಲ್ಲಿ ಸುಳ್ಳು ಹೋದರೆ ಅದು ನನ್ನ ಉಸಾಬರಿಯೇ. ಕೆಲಸ ಹೋದರೆ ಹೋಗಲಿ ಎಂದು ಸಹಿ ಹಾಕಲಿಲ್ಲ. ಭಾವ ತಾವೇ ಹಾಕಿ ಯಂತ್ರ ಮಾಡಿಸಿದರು.

ಪರೀಕ್ಷೆಯ ದಿನ ಗಾಳಿ ಬಿಟ್ಟರು, ಇಂಧನ ಬಿಟ್ಟರು, ಕಿಡಿ ಕೊಟ್ಟರು. ಯಂತ್ರ ಭರ್ರೆಂದು ಇಂಧನವನ್ನೆಲ್ಲ ಹಿಂದಿನಿಂದ ಉಗುಳಿತು. ಒಲೆ ಹಚ್ಚುವಷ್ಟೂ ಬೆಂಕಿ ಕಾಣಲಿಲ್ಲ. ನಾಳೆ ಬಂದು ಕಾರಣ ಹೇಳಿ ಎಂದು, ಪರೀಕ್ಷೆ ನೋಡಲು ಬಂದಿದ್ದ ಸಮಿತಿಯವರು ಎದ್ದು ಹೋದರು.

ಮರುದಿನ ಭಾವ ತಮ್ಮ ಕೋಣೆಗೆ ಕರೆದರು. ಗೋಡೆಯ ಮೇಲೆ ಈಗ ನಾನು ಮಾಡಿದ ಸಣ್ಣ ಚೌಕದ ಚಿತ್ರ, ಅದರ ಕೆಳಗೆ ಅವರ ಹೆಸರು.

"ಚೌಕ ಸಣ್ಣದಿರ್ಬೇಕು ಅಂತ ನಾನು ಆವತ್ತೇ ಹೇಳಿರಲಿಲ್ವಾ?" ನಾಚಿಕೆಯ ಲವಲೇಶವೂ ಇರಲಿಲ್ಲ. "ಹೋಗ್ಲಿ ಬಿಡು, ನಿನ್ನ ಕೆಲಸಕ್ಕೇನೂ ತೊಂದರೆ ಇಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಸಮಿತಿ ಮುಂದೆ ಇದನ್ನ ನಾನು ವಿವರಿಸ್ಬೇಕು."

ಎದ್ದು ಬಾಗಿಲು ಹಾಕಿ ಬಂದು ದನಿ ತಗ್ಗಿಸಿದರು.

"ಇದ್ರಲ್ಲಿ ಇಂಧನ ಯಾವ್ದು? ಕೆಂಪಾ, ನೀಲಿನಾ?"

ಇಷ್ಟು ವರ್ಷ ಈ ಮನುಷ್ಯ ಇಂಥ ಚಿತ್ರಗಳಿಗೆ ತಲೆದೂಗುತ್ತ ಕೂತಿದ್ದರು! ಹೇಸಿಗೆಯಾಯಿತು. ಸಿಟ್ಟು ಬರಲಿಲ್ಲ, ಸಿಟ್ಟಿಗೂ ಎದುರಿಗಿರುವವರಿಗೆ ಒಂದಿಷ್ಟು ಯೋಗ್ಯತೆ ಬೇಕು. ಚಿತ್ರವನ್ನು ಗೋಡೆಯಿಂದ ಇಳಿಸಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡೆ.

"ಹಿಂದಿನ ಸಾಲಲ್ಲಿ ಕೂತ್ಕೊಳ್ಳಿ ಭಾವ," ಎಂದೆ. "ಸಮಿತಿಯವರಿಗೆ ನಾನು ಹೇಳೋವಾಗ ನಿಮಗೂ ಗೊತ್ತಾಗುತ್ತೆ."