ದೇವರ ಮುಂದಿನ ಸಂಬಳ

ಮೊದಲ ಸಂಬಳವನ್ನು ಒಂದು ರಾತ್ರಿ ದೇವರ ಮುಂದಿಟ್ಟೇ ಖರ್ಚು ಮಾಡುತ್ತೇನೆಂದು ಮೇಘಶ್ರೀ ಚಿಕ್ಕವಳಿದ್ದಾಗಲೇ ಅಜ್ಜಿ ಪಾಪಮ್ಮನಿಗೆ ಮಾತು ಕೊಟ್ಟಿದ್ದಳು. ಈಗ ವಿಜಯನಗರದ ಫಿಸಿಯೋಥೆರಪಿ ಕ್ಲಿನಿಕ್ಕಿನಿಂದ ಆ ಸಂಬಳ ಬಂದಿತ್ತು. ಬಂದದ್ದು ಮಾತ್ರ ನೋಟಾಗಿ ಅಲ್ಲ, ಫೋನಿಗೆ ಮೆಸೇಜಾಗಿ.

“ಹಂಗಾದ್ರೆ ಫೋನನ್ನೇ ಇಡು,” ಎಂದರು ಪಾಪಮ್ಮ.

“ಅಜ್ಜೀ, ರಾತ್ರಿಗೆ ಆಫರ್ ಮುಗಿಯತ್ತೆ! ಇದ್ರಲ್ಲೇ ಹೊಸ ಫೋನ್ ಬುಕ್ ಮಾಡ್ಬೇಕು, ಕಂತಲ್ಲಿ.”

ತಾಯಿ ಲತಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಎರಡು ವರ್ಷ ಅರ್ಧ ಸಂಬಳ ಆ ಕಂತಿಗೇ ಹೋಗಲಿತ್ತು. ಬೇಡವೆಂದರೆ ಮಗಳು ಹಟಕ್ಕಾದರೂ ಕೊಳ್ಳುವವಳೆಂದು ಬಾಯಿ ಬಿಗಿಹಿಡಿದು ಹೂ ಕಟ್ಟುತ್ತ ಕುಳಿತಳು.

ಪಾಪಮ್ಮ ಮೊಮ್ಮಗಳ ಕೈಯಿಂದ ಫೋನು ತೆಗೆದುಕೊಂಡು, ದೇವಿಯ ಪಟದ ಮುಂದಿರಿಸಿ, ಕುಂಕುಮವಿಟ್ಟು, ಮೇಲೊಂದು ಸೇವಂತಿಗೆ ಏರಿಸಿದರು. ಮಂಗಳಾರತಿಯ ಹೊತ್ತಿಗೆ ಫೋನು ಗುರ್ರೆಂದು ನಡುಗಿತು. ಹೂ ಬಲಕ್ಕೆ ಉರುಳಿತು.

“ಬಲಗಡೆ ಹೂ ಕೊಟ್ಲು ಕಣೇ ತಾಯಿ! ಸಂಬಳ ಇಲ್ಲೇ ಇರ್ಲಿ ಅಂತಾಳೆ.”

“ಅಯ್ಯೋ, ಅದು ಸಾಲ ಬೇಕಾ ಅಂತ ಕೇಳೋರ ಕಾಲ್ ಕಣಜ್ಜಿ!”

“ಅವ್ರಿಗೂ ತಾಯೀನೇ ಉತ್ರ ಕೊಟ್ಲು, ಬಿಡು.”

ಮೇಘಶ್ರೀ ನಕ್ಕು ನಕ್ಕು ನೆಲಕ್ಕೆ ಕುಳಿತಳು. ಲತಾಗೂ ನಗು ತಡೆಯಲಾಗಲಿಲ್ಲ. ಫೋನನ್ನು ಯಾರೂ ಮುಟ್ಟಲಿಲ್ಲ.

ಬೆಳಿಗ್ಗೆ ನೋಡಿದರೆ ಆಫರ್ ಮುಗಿದಿತ್ತು, ಸಂಬಳ ಹಾಗೇ ಇತ್ತು. “ಇದೇ ಸಾಕಮ್ಮ, ದೇವರ ಹೂ ಸಿಕ್ಕಿರೋ ಫೋನು,” ಎಂದು ಮೇಘಶ್ರೀ ಕುಂಕುಮ ಒರೆಸಿಕೊಂಡು ಕೆಲಸಕ್ಕೆ ಹೊರಟಳು.

ಕೊಟ್ಟ ಮಾತು ನಡೆದಿತ್ತು.