ಹಿಲ್ಕಾಳ ನಳಿಗೆ

"ಕತ್ತರಿಸು" ಎಂದಳು ಹಿಲ್ಕಾ.

ತಾಯಿಸ್ತೊ ಗರಗಸದ ಕಡೆ ತಿರುಗಿಯೂ ನೋಡಲಿಲ್ಲ. ಬಂದೂಕು ರಿಪೇರಿ ಅವನ ಕಸುಬು. ಆ ಭಾಗದ ಬೇಟೆಗಾರರೆಲ್ಲ ಅವನ ಶೆಡ್ಡಿಗೇ ಬರುತ್ತಿದ್ದರು. ಅವಳ ರೈಫಲ್ಲನ್ನು ಕಿಟಕಿಯ ಬೆಳಕಿಗೆ ಹಿಡಿದು ನಳಿಗೆಯ ತುದಿಯನ್ನು ಹೆಬ್ಬೆರಳಿನಿಂದ ಸವರುತ್ತಾ ನಿಂತಿದ್ದ. ಎಲ್ಲೂ ಒಂದು ಗೀರಿಲ್ಲದ ನುಣುಪು ತುದಿ. ಈಗಿನ ರೈಫಲ್ಲುಗಳ ಮೂತಿಯಲ್ಲಿ ಥ್ರೆಡ್ ಕೊರೆದೇ ಬರುತ್ತದೆ, ಸೈಲೆನ್ಸರನ್ನು ಬಾಟಲಿಯ ಮುಚ್ಚಳದಂತೆ ತಿರುಗಿಸಿ ಕೂರಿಸಿದರಾಯಿತು. ಹಿಲ್ಕಾಳದು ಅದಕ್ಕೂ ಹಿಂದಿನ ಕಾಲದ್ದು.

"ತೆಳು ನಳಿಗೆ ಇದು. ತುದೀಲಿ ಕೊರೆಯೋಕೆ ಮೈಯೇ ಇಲ್ಲ. ನಾಲ್ಕು ಬೆರಳಷ್ಟು ಕುಯ್ದು ದಪ್ಪ ಇರೋ ಕಡೆ ಥ್ರೆಡ್ ಹಾಕ್ಬೇಕು. ಗುರಿ ನೋಡೋಕೆ ತುದೀಲಿರೋ ಗುರಿಮಣಿನೂ ಕಿತ್ತು ಹಿಂದಕ್ಕೆ ಕೂರಿಸ್ಬೇಕು. ಒಂದ್ಸಲ ಕುಯ್ದ್ಮೇಲೆ ಅಂಟ್ಸೋಕಾಗಲ್ಲ ನೋಡು."

"ನನ್ನ ಭುಜಾನೂ ಕುಯ್ದ್ರು. ಆಗ ಯಾರೂ ಇಷ್ಟು ಯೋಚ್ನೆ ಮಾಡ್ಲಿಲ್ಲ."

ಭುಜದ ಆಪರೇಷನ್ ಆದದ್ದು ಚಳಿಗಾಲದಲ್ಲಿ. ಡಾಕ್ಟರು ಇನ್ನು ಬಂದೂಕಿನ ಒದೆತ ಬೇಡ ಎಂದಿದ್ದರು. ಹಿಲ್ಕಾ ಅದನ್ನು ತನಗೆ ಬೇಕಾದ ಹಾಗೆ ಅರ್ಥ ಮಾಡಿಕೊಂಡಳು. ಒದೆತ ತಾನೇ ಬೇಡ, ಬೇಟೆ ಬೇಡ ಅಂದಿಲ್ಲವಲ್ಲ. ಸೈಲೆನ್ಸರ್ ಹಾಕಿದರೆ ಒದೆತ ಅರ್ಧಕ್ಕರ್ಧ ಕಡಿಮೆಯಾಗುತ್ತದೆಂದು ಊರಲ್ಲಿ ಎಲ್ಲರಿಗೂ ಗೊತ್ತು. ನಾಯಿಗಳ ಕಿವಿ ಉಳಿಯಲೆಂದು ಬೇಟೆ ತಂಡದವರೆಲ್ಲ ಎಂದೋ ಹಾಕಿಸಿಕೊಂಡಿದ್ದರು. ಅವಳೊಬ್ಬಳು ಹಟಕ್ಕೆ ಬಿದ್ದು ಬರಿ ನಳಿಗೆಯಲ್ಲೇ ಇಷ್ಟು ವರ್ಷ ತಳ್ಳಿದ್ದಳು.

ತಾಯಿಸ್ತೊ ಇನ್ನೊಂದು ದಾರಿ ಹೇಳಿದ. ನಳಿಗೆಯನ್ನು ಮುಟ್ಟದೆ ಹೊರಗಿನಿಂದ ಪಟ್ಟಿ ಬಿಗಿದು ನಿಲ್ಲಿಸುವ ಸೈಲೆನ್ಸರೂ ಇದೆಯಂತೆ. ಆದರೆ ಅದು ಗುರಿಮಣಿಯನ್ನು ನುಂಗಿಬಿಡುತ್ತದೆ, ದುರ್ಬೀನು ಹಾಕಿಸಿಕೊಳ್ಳಬೇಕು. ಹಿಲ್ಕಾ ಬೇಡವೆಂದು ತಲೆಯಾಡಿಸಿದಳು. ಬರಿಗಣ್ಣಲ್ಲಿ ಗುರಿಮಣಿ ನೋಡಿ ಹೊಡೆದೇ ರೂಢಿ ಅವಳಿಗೆ, ಜೊತೆಗೆ ಜಾರಿಬಿಡಬಹುದಾದ ವಸ್ತುವನ್ನು ಬಂದೂಕಿನ ಬಾಯಿಗೆ ತೂಗುಹಾಕುವುದು ಅವಳಿಗೆ ಒಪ್ಪಿಗೆಯಿರಲಿಲ್ಲ. ಕೊನೆಗೆ ತಾಯಿಸ್ತೊ ಅವಳ ಗಂಡ ಅಹ್ತಿಯನ್ನೂ ಒಂದು ಮಾತು ಕೇಳಿದರೆ ಒಳ್ಳೆಯದೇನೋ ಎಂದ.

ಇದನ್ನು ಕೇಳಿಯೇ ಅವಳಿಗೆ ರೇಗಿದ್ದು. ಹರೆಯದಲ್ಲಿ ಕಾಡಿನಲ್ಲಿ ಪೈನ್ ಸಸಿ ನೆಟ್ಟ ಕೂಲಿಯಲ್ಲಿ ಅವಳೇ ಕೊಂಡ ರೈಫಲ್ಲು ಅದು. ಅಹ್ತಿ ನೊಣ ಹೊಡೆಯಲೂ ಹಿಂದೆಮುಂದೆ ನೋಡುವ ಆಸಾಮಿ. ಬೇಟೆಯ ದಿನಗಳಲ್ಲಿ ತಂಡದ ಮರದ ಮನೆಯಲ್ಲಿ ಎಲ್ಲರಿಗೂ ಸೂಪು ಬೇಯಿಸುವುದು ಅವನ ಕೆಲಸ. ಆದರೂ ನೋಡಿದವರೆಲ್ಲ ಬಂದೂಕು ಅಹ್ತಿಯದೆಂದೇ ತಿಳಿಯುತ್ತಿದ್ದರು. ಹಿಲ್ಕಾ ಬೆಂಚಿನ ಮೇಲಿದ್ದ ಸೀಮೆಸುಣ್ಣ ತೆಗೆದುಕೊಂಡು ನಳಿಗೆಯ ಮೇಲೆ ಎಲ್ಲಿ ಕತ್ತರಿಸಬೇಕೆಂದು ಅಂದಾಜಿನಲ್ಲಿ ತಾನೇ ಒಂದು ಗೆರೆ ಎಳೆದಳು. ತಾಯಿಸ್ತೊ ನಿಟ್ಟುಸಿರು ಬಿಟ್ಟು ಗೆರೆಯನ್ನು ಒರೆಸಿ, ಅಳತೆ ಹಿಡಿದು ಸರಿಯಾದ ಜಾಗದಲ್ಲಿ ಮತ್ತೊಂದು ಗೆರೆ ಎಳೆದ.

ಅವಳಿಗೆ ಇಷ್ಟು ಅವಸರವಿದ್ದದ್ದಕ್ಕೆ ಕಾರಣವಿತ್ತು. ದೊಡ್ಡ ಕೊಂಬಿನ ಮೂಸ್ ಜಿಂಕೆಯ ಬೇಟೆಗೆ ಹೋಗಬೇಕಾದವರು ಮೂರು ವರ್ಷಕ್ಕೊಮ್ಮೆ ಗುರಿ ಪರೀಕ್ಷೆ ಪಾಸು ಮಾಡಬೇಕು. ಮೂಸ್ ಆಕಾರದ ಹಲಗೆಯ ಎದೆಭಾಗದಲ್ಲಿರುವ ವೃತ್ತದೊಳಗೆ ನಾಲ್ಕಕ್ಕೆ ನಾಲ್ಕೂ ಗುಂಡು ಬೀಳಬೇಕು. ಹಿಲ್ಕಾಳ ಹಿಂದಿನ ಪರೀಕ್ಷೆಯ ಅವಧಿ ಮುಗಿದಿತ್ತು. ಪಾಸಾಗದಿದ್ದರೆ ಜವುಗಿನಂಚಿನ ಬಂಡೆಯ ಹತ್ತಿರ ಅವಳು ಇಷ್ಟು ಕಾಲ ಮೂಸ್ ಬರುವುದನ್ನು ಕಾದು ನಿಂತ ಕಾವಲು ಜಾಗ ಬೇರೆಯವರಿಗೆ ಹೋಗುತ್ತದೆ. ತಂಡದ ಮುಖಂಡ ಉರ್ಪೊ ಆ ಜಾಗವನ್ನು ತನ್ನ ಅಳಿಯನಿಗೆಂದು ಮನಸ್ಸಿನಲ್ಲೇ ಎತ್ತಿಟ್ಟಿದ್ದ. ಹಿಲ್ಕಾ ಇನ್ನು ಬೆಚ್ಚಗೆ ಅಹ್ತಿಯ ಜೊತೆ ಸೂಪು ನೋಡಿಕೊಳ್ಳಲಿ ಎಂದು ಕಾಫಿ ಕುಡಿಯುತ್ತಾ ನಾಲ್ಕು ಜನರ ಎದುರೇ ಹೇಳಿದ್ದ.

"ಅವ್ಳು ಅಡಿಗೇಗೆ ಬಂದ್ರೆ ನಾನು ಕಾವಲಿಗೆ ಹೋಗ್ಬೇಕಾಗುತ್ತೆ. ಅವ್ಳ ಸೂಪು ತಿಂದೋರು ಮೂಸ್ ಹೊಡೆಯೋಷ್ಟು ದಿನ ಬದುಕಿರಲ್ಲ" ಎಂದಿದ್ದ ಅಹ್ತಿ. ಎಲ್ಲರೂ ನಕ್ಕರು. ಹಿಲ್ಕಾ ನಗಲಿಲ್ಲ.

ರೈಫಲ್ಲು ವಾಪಸು ಬಂದಾಗ ನಳಿಗೆ ಗಿಡ್ಡವಾಗಿತ್ತು, ಮೂತಿಗೆ ಕಪ್ಪು ಸೈಲೆನ್ಸರ್ ಬಿಗಿಯಾಗಿ ಕೂತಿತ್ತು. ದಪ್ಪ ಸೈಲೆನ್ಸರಿನ ಮೇಲಿಂದ ಗುರಿ ಕಾಣಲೆಂದು ತಾಯಿಸ್ತೊ ಎತ್ತರದ ಹೊಸ ಗುರಿಮಣಿಯನ್ನೂ ಮಾಡಿ ಕೂರಿಸಿದ್ದ. ಕೆಲಸ ಅಚ್ಚುಕಟ್ಟಾಗಿತ್ತು. ಹಿಲ್ಕಾ ಅಂಗೈಯಲ್ಲಿ ತೂಗಿ ನೋಡಿ, ಗೆದ್ದೆ ಎಂದೇ ಅಂದುಕೊಂಡು ಪರೀಕ್ಷೆಗೆ ಹೋದಳು.

ಎರಡು ಗುಂಡು ವೃತ್ತದ ಕೆಳಗೆ ಬಿದ್ದವು. ಒದೆತ ಹೂವೆತ್ತಿದಷ್ಟು ಹಗುರವಾಗಿತ್ತು, ಭುಜ ನೋಯಲೇ ಇಲ್ಲ, ಆದರೂ ಕೆಳಗೆ. ಉರ್ಪೊ ಹಳೇ ಬಂದೂಕಿಗೆ ಹೊಸ ಮೂತಿ ಹೊಂದಲಿಲ್ಲವೇನೋ ಎಂದು ಸಮಾಧಾನ ಹೇಳಿದ, ಮುಂದಿನ ವಾರ ಇನ್ನೊಂದು ಅವಕಾಶ ಇದೆಯೆಂದೂ ಹೇಳಿದ. ಹಿಲ್ಕಾ ನೇರವಾಗಿ ತಾಯಿಸ್ತೊನ ಶೆಡ್ಡಿಗೆ ಹೋಗಿ ಬಾಯಿಗೆ ಬಂದದ್ದು ಬೈದಳು. ಅವನು ಮಾತಾಡದೆ ರೈಫಲ್ಲನ್ನು ಕಬ್ಬಿಣದ ಇಕ್ಕಳಕ್ಕೆ ಬಿಗಿದು ಶೆಡ್ಡಿನ ಹಿಂದಿನ ದಿಬ್ಬದಲ್ಲಿ ನಿಲ್ಲಿಸಿದ್ದ ಹಲಗೆಗೆ ಹೊಡೆದ. ಗುಂಡುಗಳೆಲ್ಲ ಗುರಿಯಿಟ್ಟಲ್ಲೇ, ಒಂದೇ ತೂತಿಗೆ ಬಿದ್ದವು ಎನ್ನಬೇಕು, ಅಷ್ಟು ಹತ್ತಿರ. ತಪ್ಪು ಬಂದೂಕಿನದಲ್ಲ. ಬೈಗುಳಕ್ಕೆ ಕ್ಷಮೆ ಕೇಳದೆ, ಆದರೆ ಬಾಗಿಲನ್ನು ಮೆತ್ತಗೆ ಮುಚ್ಚಿಕೊಂಡು ಹಿಲ್ಕಾ ಹೊರಬಂದಳು.

ಮರುದಿನ ಅಹ್ತಿಯನ್ನು ಅಡಿಗೆಮನೆಯಿಂದ ಎಬ್ಬಿಸಿಕೊಂಡು ಮರಳಿನ ಹಳ್ಳಕ್ಕೆ ಹೋದಳು. ತಾನು ಆಚೆ ತಿರುಗಿ ನಿಲ್ಲುವುದು, ಅವನು ತೋಟಾ ತುಂಬಿ ಕೊಡುವುದು, ಕೆಲವು ನಿಜವಾದದ್ದು, ಕೆಲವು ಸುಟ್ಟ ಖಾಲಿ ತೋಟಾ. ಯಾವುದು ಯಾವುದೆಂದು ಅವಳಿಗೆ ಹೇಳಬಾರದು. ಅಹ್ತಿ ಹೇಳಿದ ಹಾಗೆ ಮಾಡಿದ.

ಹಿಲ್ಕಾ ಗುರಿ ಹಿಡಿದು ಬಂದೂಕಿನ ಕುದುರೆ ಎಳೆದಳು. ಟಕ್ ಎಂದಿತಷ್ಟೆ. ಒಳಗೆ ಖಾಲಿ ತೋಟಾ. ಒದೆತವೇ ಇಲ್ಲ, ಆದರೂ ನಳಿಗೆಯ ತುದಿ ಗಕ್ಕನೆ ಕೆಳಗೆ ಮುಗ್ಗರಿಸಿತು. ಅದನ್ನು ಇಬ್ಬರೂ ನೋಡಿದರು. ಹಿಲ್ಕಾಳ ಮುಖ ಕಿವಿಯವರೆಗೂ ಕೆಂಪಾಯಿತು.

"ಬಾಣಲೀಲಿ ಬೆಣ್ಣೆ ಸಿಡಿಯೋಕ್ಮುಂಚೇನೇ ಮುಖ ತಿರುಗಿಸ್ಕೋತಾರಲ್ಲ, ಹಾಗ್ಮಾಡ್ದೆ ನೀನು" ಎಂದ ಅಹ್ತಿ.

"ನಂಗ್ಭಯ ಅಂತೀಯಾ?"

"ನಿಂಗಲ್ಲ. ನಿನ್ ಭುಜಕ್ಕೆ. ಪಾಪ, ಅದಕ್ಕಿನ್ನೂ ಯಾರೂ ಹೇಳಿಲ್ಲ, ಇನ್ಮೇಲೆ ನೋಯಲ್ಲ ಅಂತ."

ಹಿಲ್ಕಾ ಖಾಲಿ ತೋಟಾವನ್ನು ತೆಗೆದು ಮರಳಿಗೆ ಎಸೆದಳು. ನಲವತ್ತು ವರ್ಷದ ಸಂಸಾರದಲ್ಲಿ ಈ ಮನುಷ್ಯ ತನ್ನ ಬಂದೂಕಿನ ಬಗ್ಗೆ ಆಡಿದ ಮೊದಲ ಮಾತು ಇದು, ಅದೂ ಸರಿಯಾದ ಮಾತು. ಅವನ ಮೇಲೆ ಸಿಟ್ಟೂ ಬಂತು, ಪ್ರೀತಿಯೂ ಉಕ್ಕಿತು. ಆಮೇಲೆ ಮತ್ತೆ ಆಚೆ ತಿರುಗಿ, ತುಂಬು ಎಂದಳು. ಆ ವಾರವೆಲ್ಲ ದಿನವೂ ಹೋದರು. ಮನೆಯಲ್ಲಿ ಊಟಕ್ಕೆ ಬರೀ ರೈ ರೊಟ್ಟಿ, ಮೊಸರು.

ಎರಡನೇ ಪರೀಕ್ಷೆಯ ದಿನ ಅಹ್ತಿಯೂ ಬಂದದ್ದು ಕಂಡು ಉರ್ಪೊ ಹುಬ್ಬೇರಿಸಿದ. ಹಿಲ್ಕಾ ಮೂರು ಗುಂಡು ಹೊಡೆದಳು, ಮೂರೂ ವೃತ್ತದೊಳಗೆ. ನಾಲ್ಕನೆಯದಕ್ಕೆ ಮೊದಲು ಅಲ್ಲಿದ್ದವರೆಲ್ಲ ಕಣ್ಣು ಕಿರಿದು ಮಾಡಿ ಹಲಗೆಯ ಕಡೆ ಕತ್ತು ಚಾಚಿದರು. ಅಹ್ತಿ ಅತ್ತ ನೋಡಲೇ ಇಲ್ಲ, ಅವನ ಕಣ್ಣು ನಳಿಗೆಯ ತುದಿಯ ಮೇಲಿತ್ತು. ಅವಳ ಬೆರಳು ಮಡಚುತ್ತಾ ಬಂತು. ಕಪ್ಪು ತುದಿ ಗಾಳಿಯಲ್ಲಿ ಇಟ್ಟಲ್ಲೇ ಇತ್ತು, ಕೂದಲೆಳೆಯಷ್ಟೂ ಅಲುಗಲಿಲ್ಲ.

ಗುಂಡು ಹಾರುವ ಮೊದಲೇ ಅಹ್ತಿ ಕೋಟಿನ ಗುಂಡಿ ಹಾಕಿಕೊಂಡು, ಬೇಟೆಯ ದಿನದ ಸೂಪಿಗೆ ಆಲೂಗಡ್ಡೆ ಕೊಳ್ಳಲು ಕಾರಿನ ಕಡೆ ಹೊರಟ.